ಬೋರ್ಡಿನ ಅಡಿಯ ಆ ಎಂಟು ಇಂಚು

ಸ್ಟ್ಯಾಂಡ್‌ಅಪ್ ಪ್ಯಾಡಲ್ ಬೋರ್ಡ್ ಕೊಳ್ಳಲು ಹೊರಟವರು ಅದರ ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಲೀಟರಿನದು, ಎಷ್ಟು ತೂಕ ಹೊರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಬೋರ್ಡನ್ನು ಮಗುಚಿ ಹಾಕಿ ಬಾಲದ ಕಡೆ ಏನಿದೆ ಎಂದು ನೋಡುವವರು ಕಡಿಮೆ. ಅಲ್ಲಿರುವುದು ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಅಥವಾ ಫೈಬರಿನ ತುಂಡು, ಅದೇ ಫಿನ್. ಕೆಲವು ಬೋರ್ಡಿಗೆ ಒಂದು, ಕೆಲವಕ್ಕೆ ಮೂರು, ಇನ್ನು ಕೆಲವಕ್ಕೆ ನಾಲ್ಕು. ಬೋರ್ಡಿನ ಜೊತೆ ಬಂದ ಫಿನ್ನನ್ನೇ ಸಿಕ್ಕಿಸಿಕೊಂಡು ನೀರಿಗಿಳಿಯುವವರು ಒಂದು ಬಗೆ. ಸ್ಪರ್ಧೆಯ ವಿಡಿಯೊ ನೋಡಿ ಚಾಂಪಿಯನ್ನರು ಬಳಸುವ ಸೆಟ್ಟನ್ನೇ ತರಿಸಿಕೊಳ್ಳುವವರು ಇನ್ನೊಂದು ಬಗೆ. ಎರಡೂ ದಾರಿ ತಪ್ಪು ಎಂಬುದು ನನ್ನ ವಾದ. ನಾವು ಹೆಚ್ಚು ದಿನ ಇಳಿಯುವ ನೀರು ಎಂಥದ್ದು, ಬೋರ್ಡಿನ ಮೇಲೆ ನಿಲ್ಲುವ ಮೈಯ ತೂಕ ಎಷ್ಟು, ಈ ಎರಡನ್ನು ನೋಡಿ ಫಿನ್ ಆರಿಸಬೇಕು. ಹಾಗೆ ನೋಡಿದರೆ ನಮ್ಮ ಕರಾವಳಿಯಲ್ಲಿ ನಿಂತು ಅಲೆ ಸವಾರಿ ಕಲಿಯುತ್ತಿರುವ ಬಹುಪಾಲು ಜನರಿಗೆ ಒಗ್ಗುವುದು ನಡುವೆ ಒಂದು ದೊಡ್ಡ ಫಿನ್, ಅಕ್ಕಪಕ್ಕ ಎರಡು ಪುಟ್ಟ ಫಿನ್ ಇರುವ ‘ಟೂ ಪ್ಲಸ್ ಒನ್’ ಜೋಡಣೆ. ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯ ಥ್ರಸ್ಟರ್ ಆಗಲಿ, ನಡುವೆ ಏನೂ ಇಲ್ಲದ ನಾಲ್ಕರ ಕ್ವಾಡ್ ಆಗಲಿ ಆಮೇಲಿನ ಮಾತು.

ನಿಂತು ಅಲೆ ಸವಾರಿ ಮಾಡುವುದು ಇನ್ನು ಬೆರಳೆಣಿಕೆಯ ಜನರ ಹವ್ಯಾಸವಾಗಿ ಉಳಿದಿಲ್ಲ. 2004ರಲ್ಲಿ ಮೂಲ್ಕಿಯಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬು ಈ ದೇಶದಲ್ಲಿ ಸರ್ಫಿಂಗ್ ಬೇರುಬಿಟ್ಟ ಜಾಗಗಳಲ್ಲಿ ಮೊದಲನೆಯದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ. ಪ್ಯಾಡಲ್ ಹಿಡಿದು ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹೋದ ತನ್ವಿ ಜಗದೀಶ್ ಇದೇ ಕರಾವಳಿಯ ಹುಡುಗಿ. ಶಾಂಭವಿ, ನಂದಿನಿ ನದಿಗಳ ಹಿನ್ನೀರಿನಲ್ಲಿ ಇವತ್ತು ಬೋರ್ಡ್ ಬಾಡಿಗೆಗೆ ಪಡೆದು ಒಂದು ಗಂಟೆ ಸುತ್ತಿ ಬರುವ ಕುಟುಂಬಗಳಿವೆ. ಅವರಲ್ಲಿ ಕೆಲವರು ಮುಂದಿನ ವರ್ಷ ಅಳಿವೆ ದಾಟಿ ಅಲೆಯ ಕಡೆಗೆ ಹೋಗುತ್ತಾರೆ. ಫಿನ್ನಿನ ಪ್ರಶ್ನೆ ಬಿಗಿಯಾಗಿ ಎದುರಾಗುವುದು ಆಗ.

ದೋಣಿ ನಡೆಸಿದವರಿಗೆ ಮೂಲ ಸಂಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಬಲಮಗ್ಗುಲಲ್ಲಿ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ಪ್ಯಾಡಲ್ ಬೋರ್ಡಿನಲ್ಲೂ ಅಷ್ಟೇ. ಅಲೆಗೆ ಬಳಸುವ ಬೋರ್ಡಿನ ಅಗಲ ಸುಮಾರು 30 ಇಂಚು, ಅಂದರೆ 76 ಸೆಂಟಿಮೀಟರ್. ಹಾಗಾಗಿ ಪ್ಯಾಡಲಿನ ಅಲಗು ನೀರನ್ನು ಹಿಡಿಯುವುದು ಬೋರ್ಡಿನ ನಡುಗೆರೆಯಿಂದ ಸುಮಾರು 40 ಸೆಂಟಿಮೀಟರ್ ಆಚೆ. ಮುಂದಕ್ಕೆ ನೂಕುವ ಪ್ರತಿ ಎಳೆತವೂ ಬೋರ್ಡನ್ನು ಪಕ್ಕಕ್ಕೂ ತಿರುಗಿಸುತ್ತದೆ. ಆ ತಿರುಗುವಿಕೆಯನ್ನು ತಡೆಯಲು ಬಾಲದ ಬಳಿ ನೀರಿಗೆ ಅಡ್ಡ ಒಂದು ಹಲಗೆ ಬೇಕು. ನಡುವಿನ ಫಿನ್ ಮಾಡುವುದು ಆ ಕೆಲಸ. ಹೊಟ್ಟೆಯ ಮೇಲೆ ಮಲಗಿ ಎರಡೂ ಕೈಯಲ್ಲಿ ನೀರು ಸರಿಸುತ್ತ ಹೋಗುವ ಸರ್ಫರ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ. ಬಲಗೈ ತಿರುಗಿಸಿದ್ದನ್ನು ಎಡಗೈ ಕೂಡಲೇ ಸರಿಮಾಡುತ್ತದೆ, ಬೋರ್ಡೂ ಕಿರಿದು. ಸಣ್ಣ ಸರ್ಫ್‌ಬೋರ್ಡಿಗೆ ಹೇಳಿದ ಫಿನ್ ಸಲಹೆಯನ್ನು ಪ್ಯಾಡಲ್ ಬೋರ್ಡಿಗೆ ಹಾಗೇ ಎತ್ತಿಟ್ಟುಕೊಳ್ಳುವಾಗ ಎಲ್ಲರೂ ಮರೆಯುವ ವ್ಯತ್ಯಾಸ ಇದು. ಇವತ್ತು ಸಿಗುವ ಫಿನ್ ಸಲಹೆಯಲ್ಲಿ ಹೆಚ್ಚಿನದು ಸಣ್ಣ ಬೋರ್ಡಿನ ಲೋಕದಿಂದ ಬಂದದ್ದು.

ಇನ್ನೊಂದು ಲೆಕ್ಕವನ್ನೂ ಜೊತೆಗಿಟ್ಟು ನೋಡಬೇಕು. ನೀರು ಫಿನ್ನಿನ ಮೇಲೆ ಹೇರುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಪ್ಯಾಡಲ್ ಹಾಕುತ್ತ ಅಲೆ ಹುಡುಕಿಕೊಂಡು ಹೋಗುವವರ ವೇಗ ಗಂಟೆಗೆ 5 ಕಿಲೋಮೀಟರಿನ ಆಸುಪಾಸು, ಅಂದರೆ ನಡಿಗೆಯ ವೇಗ. ಒಂದೂವರೆ ಮೀಟರ್ ಆಳದ ನೀರಿನಲ್ಲಿ ಅಲೆ ಸಾಗುವ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್. ಅದರ ಮೈಮೇಲೆ ಓರೆಯಾಗಿ ಜಾರುವ ಬೋರ್ಡಿನ ವೇಗ ಇನ್ನೂ ಸ್ವಲ್ಪ ಹೆಚ್ಚು. ಅಲೆಯ ಮೇಲೆ ಸಾಕಷ್ಟು ಹಿಡಿತ ಕೊಡುವ ಪುಟ್ಟ ಫಿನ್ನಿಗೆ ಅಲೆ ಹುಡುಕಿಕೊಂಡು ಹೋಗುವಾಗ ಆ ಬಲದ ಒಂಬತ್ತನೇ ಒಂದು ಪಾಲಷ್ಟೇ ಉಳಿಯುತ್ತದೆ ಎಂದಾಯಿತು. ಸವಾರನ ಹೆಚ್ಚಿನ ಹೊತ್ತು ಕಳೆಯುವುದು ಎಲ್ಲಿ? ಒಂದು ಗಂಟೆಯಲ್ಲಿ 20 ಅಲೆ ಸಿಕ್ಕಿತು, ಒಂದೊಂದರ ಮೇಲೂ 15 ಸೆಕೆಂಡ್ ನಿಂತೆವು ಎಂದು ಉದಾರವಾಗಿಯೇ ಲೆಕ್ಕ ಹಾಕಿದರೂ ಅಲೆಯ ಮೇಲಿನ ಹೊತ್ತು ಐದು ನಿಮಿಷ. ಉಳಿದ 55 ನಿಮಿಷ ಹುಟ್ಟು ಹಾಕುವುದು, ನೊರೆಯ ನಡುವೆ ಸಮತೋಲ ಕಾಯುವುದು, ಏಳುತ್ತಿರುವ ಅಲೆಗೆ ಸರಿಯಾಗಿ ಮೂತಿ ತಿರುಗಿಸಿಕೊಳ್ಳುವುದು. ಐದು ನಿಮಿಷವನ್ನು ಮಾತ್ರ ನೆನೆದು ಫಿನ್ ಆರಿಸಿದರೆ ಆ ಐದು ನಿಮಿಷವೂ ಕೈಗೆ ಸಿಗುವುದಿಲ್ಲ. ಅಲೆ ಹಿಡಿಯುವ ಗಳಿಗೆಯಲ್ಲಿ ನಾಲ್ಕು ಎಳೆತ ಒಂದೇ ಮಗ್ಗುಲಲ್ಲಿ ಜೋರಾಗಿ ಹಾಕಬೇಕು; ಬೋರ್ಡ್ ಆಗ ಓರೆಯಾದರೆ ಅಲೆ ಅಡಿಯಿಂದ ನುಸುಳಿ ಮುಂದೆ ಹೋಗಿಬಿಡುತ್ತದೆ. ಮಗ್ಗುಲು ಬದಲಿಸಿ ಹುಟ್ಟು ಹಾಕುವಷ್ಟು ಪುರುಸೊತ್ತು ಅಲ್ಲಿರುವುದಿಲ್ಲ.

ಹಾಗಾದರೆ ಅಕ್ಕಪಕ್ಕದ ಫಿನ್ ಯಾತಕ್ಕೆ, ನಡುವಿನ ಒಂದೇ ಸಾಲದೇ ಎಂದು ಕೇಳಬಹುದು. ಹಿನ್ನೀರಿನಲ್ಲಿ ತಿರುಗಾಡುವವರಿಗೆ ಖಂಡಿತ ಸಾಕು. ಆದರೆ ಅಲೆಯ ಮೇಲೆ ಬೋರ್ಡು ಒಂದು ಮಗ್ಗುಲಿಗೆ ವಾಲುತ್ತದೆ. ಆಗ ನಡುವಿನ ಫಿನ್ ನೀರಿನಿಂದ ಅರ್ಧ ಮೇಲೇಳುವುದುಂಟು. ಒಳಮಗ್ಗುಲಿನ ಅಂಚಿನ ಬಳಿ ಇರುವ ಪುಟ್ಟ ಫಿನ್ ಅಲೆಯ ಇಳಿಜಾರನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅದಕ್ಕೊಂದು ಬೆಲೆ ಇದೆ. ಪಕ್ಕದ ಫಿನ್ನುಗಳನ್ನು ಬೋರ್ಡಿನ ಉದ್ದಕ್ಕೆ ನೇರವಾಗಿ ಕೂರಿಸುವುದಿಲ್ಲ. ಅವುಗಳ ಮುಂದಿನ ತುದಿ ಮೂತಿಯ ಕಡೆ ಕೊಂಚ ಒಳಕ್ಕೆ ತಿರುಗಿರುತ್ತದೆ, ಒಳಮೈ ಚಪ್ಪಟೆ, ಹೊರಮೈ ಉಬ್ಬು. ತಿರುವಿನಲ್ಲಿ ಇದರಿಂದ ಬೋರ್ಡಿಗೆ ಚುರುಕು ಬರುತ್ತದೆ. ನೇರ ಹೋಗುವಾಗ ಅದೇ ಓರೆ ನೀರನ್ನು ಎದುರಿಸಿ ಓಟಕ್ಕೆ ತಡೆ ಹೆಚ್ಚಿಸುತ್ತದೆ. ಪಕ್ಕದವು ದೊಡ್ಡದಾದಷ್ಟೂ ಈ ದಂಡ ಹೆಚ್ಚು. ಮೂರೂವರೆ ಇಂಚಿನ ಪುಟ್ಟ ಪಕ್ಕದ ಫಿನ್, ಏಳೆಂಟು ಇಂಚಿನ ನಡುವಿನ ಫಿನ್ ಎಂಬ ಜೋಡಿಯಲ್ಲಿ ದಂಡ ಕಡಿಮೆ, ಕಚ್ಚು ಸಾಕಷ್ಟು. ನಾಲ್ಕೂವರೆಯಿಂದ ಐದು ಇಂಚಿನ ಮೂರು ಫಿನ್ ಇರುವ ಥ್ರಸ್ಟರ್‌ನಲ್ಲಿ ದಂಡ ಹೆಚ್ಚು, ನೇರ ಹೋಗುವ ಗುಣ ಕಡಿಮೆ. ಬದಲಿಗೆ ತಿರುವು ತುಂಬ ಚುರುಕು. ಕಡಿದಾದ ಅಲೆ ಬಂದಾಗ ಆ ಬದಲಿ ಲಾಭದ್ದೇ. ಮೊಣಕಾಲೆತ್ತರದ ಅಲೆಗೆ ಅಲ್ಲ.

ಥ್ರಸ್ಟರ್ ಜಗತ್ತನ್ನೇ ಗೆದ್ದಿದೆ, ನೀವು ಅದನ್ನು ಆಮೇಲಿನ ಮಾತು ಎನ್ನುತ್ತೀರಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅದು ಗೆದ್ದ ಕಥೆಯನ್ನು ಸರಿಯಾಗಿ ಓದಿದರೆ ನನ್ನ ವಾದಕ್ಕೇ ಬಲ. ಸರ್ಫ್‌ಬೋರ್ಡಿಗೆ ಮೊದಲ ಫಿನ್ ಹಾಕಿದವರು ಟಾಮ್ ಬ್ಲೇಕ್, 1935ರಲ್ಲಿ, ಹವಾಯಿಯ ವೈಕಿಕಿಯಲ್ಲಿ. ಬಿಟ್ಟುಹೋಗಿದ್ದ ಒಂದು ಮೋಟಾರ್ ದೋಣಿಯ ಅಡಿಗಟ್ಟನ್ನು ಕಿತ್ತು ತಮ್ಮ ಬೋರ್ಡಿಗೆ ಜೋಡಿಸಿದರು. ಅಲ್ಲಿಯವರೆಗೆ ಬಾಲ ಪಕ್ಕಕ್ಕೆ ಜಾರುವುದನ್ನು ತಡೆಯಲು ಸವಾರರು ಕಾಲನ್ನೇ ನೀರಿಗೆ ಇಳಿಬಿಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಜಾರ್ಜ್ ಗ್ರೀನೋ ವೇಗವಾಗಿ ಈಜುವ ಕಡಲ ಮೀನುಗಳ ಆಕಾರ ನೋಡಿ ಕಿರಿದಾದ, ಹಿಂದಕ್ಕೆ ಬಾಗಿದ, ಬಳುಕುವ ಫಿನ್ ಮಾಡಿದರು. ಅಂಜಲ್ ಮೀನಿನ ಬಾಲವನ್ನು ಹತ್ತಿರದಿಂದ ನೋಡಿದ ಯಾರಿಗೂ ಆ ರೂಪದ ತರ್ಕ ಕೂಡಲೇ ಹೊಳೆಯುತ್ತದೆ. ಆಮೇಲೆ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಎರಡು ಫಿನ್ನಿನ ಬೋರ್ಡಿನಲ್ಲಿ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದರು. ಎಲ್ಲರೂ ಎರಡು ಫಿನ್ನಿನ ಹಿಂದೆ ಬಿದ್ದರು. ಅದೇ ದೇಶದ ಸೈಮನ್ ಆಂಡರ್ಸನ್ ದೊಡ್ಡಾಳು. ಅವರ ಭಾರಕ್ಕೆ, ದೊಡ್ಡ ಅಲೆಯಲ್ಲಿ, ಎರಡು ಫಿನ್ನಿನ ಬಾಲ ಹಿಡಿತ ತಪ್ಪಿ ಜಾರುತ್ತಿತ್ತು. 1980ರ ಕೊನೆಯಲ್ಲಿ ಅವರು ಹೆಚ್ಚುಕಡಿಮೆ ಒಂದೇ ಅಳತೆಯ ಮೂರನೆಯ ಫಿನ್ನನ್ನು ಹಿಂದೆ ಕೂರಿಸಿದರು. 1981ರಲ್ಲಿ ಅದೇ ಬೋರ್ಡಿನಲ್ಲಿ ಅಲ್ಲಿನ ಬೆಲ್ಸ್ ಬೀಚಿನ ಸ್ಪರ್ಧೆಯನ್ನು ಭಾರಿ ಅಲೆಯಲ್ಲಿ ಗೆದ್ದರು. ಚಾಂಪಿಯನ್ನರ ಜೋಡಣೆ ತನ್ನ ಮೈಗೆ, ತಾನಿಳಿಯುವ ಅಲೆಗೆ ಒಗ್ಗುತ್ತಿಲ್ಲ ಎಂದು ಕಂಡ ಒಬ್ಬ ಭಾರಿ ಆಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡದ್ದರಿಂದ ಥ್ರಸ್ಟರ್ ಹುಟ್ಟಿತು. ಆ ತರ್ಕವನ್ನು ಬಿಟ್ಟು ಅವರ ಮೂರು ಫಿನ್ನನ್ನು ಮಾತ್ರ ನಕಲು ಮಾಡಿದರೆ ಅವರಿಂದ ಏನನ್ನೂ ಕಲಿತಂತಾಗಲಿಲ್ಲ.

ನಮ್ಮ ನೀರು ಎಂಥದ್ದು? ಜೂನಿನಿಂದ ನೈಋತ್ಯ ಮಾರುತದ ಜೊತೆ ಬರುವ ಅಲೆ ದೊಡ್ಡದು, ಒರಟು, ಒಮ್ಮೆಗೇ ಕುಸಿದು ಬೀಳುವಂಥದ್ದು. ಆ ತಿಂಗಳುಗಳಲ್ಲಿ ಜಿಲ್ಲಾಡಳಿತ ಜನರು ಕಡಲಿಗಿಳಿಯುವುದನ್ನೇ ತಡೆಯುತ್ತದೆ. ಕಲಿಯುವವರು ಆ ಕಡೆ ತಲೆ ಹಾಕಬಾರದು. ಉಳಿದದ್ದು ಅಕ್ಟೋಬರಿನಿಂದ ಮೇ ತನಕದ ಕಾಲ. ಆಗ ಅಲೆ ಸಣ್ಣದು, ಮೃದು. ತಳ ಬಂಡೆಯದಲ್ಲ, ಮರಳಿನದು. ಮಳೆಗಾಲ ಮುಗಿದಾಗ ದಿಬ್ಬಗಳು ಎಲ್ಲಿ ಕೂತಿರುತ್ತವೆಯೋ ಅದನ್ನು ನೋಡಿಕೊಂಡು ಅಲೆ ಮುರಿಯುತ್ತದೆ. ಬೆಳಿಗ್ಗೆ ನೆಲಗಾಳಿಗೆ ನೀರು ಕನ್ನಡಿಯ ಹಾಗೆ, ಮಧ್ಯಾಹ್ನ ಕಡಲಗಾಳಿ ಏಳುತ್ತಲೂ ಮೈತುಂಬ ಕಲಕು. ಇಂಥ ನೀರಿನಲ್ಲಿ ಬೋರ್ಡಿಗೆ ವೇಗ ಕಡಿಮೆ. ವೇಗ ಕಡಿಮೆ ಇರುವಾಗ ಹಿಡಿತ ಬರಬೇಕಾದದ್ದು ಫಿನ್ನಿನ ವಿಸ್ತಾರದಿಂದ. ಕಲಕು ನೀರಿನಲ್ಲಿ ಆಳಕ್ಕಿಳಿದ ಫಿನ್ ಬೋರ್ಡಿನ ಓಲಾಟವನ್ನು ಸ್ವಲ್ಪ ತಣಿಸುತ್ತದೆ, ಕಾಲಿಗೆ ಧೈರ್ಯ ಬರುತ್ತದೆ. ಎಂಟೂವರೆ, ಒಂಬತ್ತು ಅಡಿಯ ಬೋರ್ಡಿನ ಮೇಲೆ ನಿಲ್ಲುವವರು 60 ಕಿಲೋ ಇದ್ದರೆ ಆರೂವರೆಯಿಂದ ಏಳು ಇಂಚಿನ ನಡುವಿನ ಫಿನ್, 75 ಕಿಲೋ ದಾಟಿದರೆ ಏಳೂವರೆ ಇಂಚು, 90 ಕಿಲೋ ದಾಟಿದವರಿಗೆ ಎಂಟು ಇಂಚು ಅಥವಾ ಇನ್ನೂ ಕೊಂಚ ಹೆಚ್ಚು: ಇದು ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ನಾನು ಸೂಚಿಸುವ ಅಳತೆ. ಬೋರ್ಡ್ ತಿರುಗಲು ಮೊಂಡು ಹಿಡಿಯುತ್ತಿದೆ ಎನ್ನಿಸಿದ ದಿನ ಅರ್ಧ ಇಂಚು ಇಳಿಸಿದರಾಯಿತು. ದೊಡ್ಡದರಿಂದ ಸಣ್ಣದಕ್ಕೆ ಇಳಿಯುವುದು ಸುಲಭ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಏನು ಕಳೆದುಕೊಂಡೆವು, ಏನು ಪಡೆದೆವು ಎಂದು ಕಾಲಿಗೆ ತಿಳಿಯುತ್ತದೆ. ಸಣ್ಣದರಿಂದ ಶುರುಮಾಡಿದವರು ತಮ್ಮ ಸಮತೋಲವೇ ಕೆಟ್ಟದ್ದು ಎಂದುಕೊಂಡು ಬಿಟ್ಟುಬಿಡುತ್ತಾರೆ.

ಹೆಚ್ಚು ಗಟ್ಟಿಯಾದ ಆಕ್ಷೇಪ ಕ್ವಾಡ್ ಕಡೆಯಿಂದ ಬರುವಂಥದ್ದು. ನಡುವೆ ಫಿನ್ ಇಲ್ಲದ್ದರಿಂದ ಬಾಲದ ನಡುವಿನ ನೀರು ತಡೆಯಿಲ್ಲದೆ ಹರಿದುಹೋಗುತ್ತದೆ, ಬೋರ್ಡು ವೇಗ ಕಳೆದುಕೊಳ್ಳುವುದಿಲ್ಲ, ಸಪ್ಪೆ ಅಲೆಗೆ ಬೇಕಾದದ್ದು ಅದೇ ಅಲ್ಲವೇ ಎಂದು ಅನುಭವಿಗಳು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಅಗಲ ಬಾಲದ ಬೋರ್ಡಿನಲ್ಲಿ ಅಂಚಿನ ಬಳಿ ಎರಡೆರಡು ಫಿನ್ ಇದ್ದರೆ, ಬೋರ್ಡು ಆ ಅಂಚಿನ ಮೇಲೆ ವಾಲಿದಾಗ ಹಿಡಿತ ಚೆನ್ನಾಗಿ ಬರುತ್ತದೆ. ಅಲೆಯ ಗೋಡೆಯುದ್ದಕ್ಕೂ ಜಾರುವ ಓಟವೂ ಸೊಗಸು. ಆದರೆ ಈ ಲಾಭವೆಲ್ಲ ಬೋರ್ಡನ್ನು ಅಂಚಿನ ಮೇಲೆ ವಾಲಿಸಲು ಬಂದವರಿಗೆ. ಕಲಿಯುವವರು ಅಲೆಯ ಮೇಲೆ ಬೋರ್ಡನ್ನು ಚಪ್ಪಟೆಯಾಗಿಯೇ ಇಟ್ಟುಕೊಂಡು ನೇರ ದಡದತ್ತ ಬರುತ್ತಾರೆ. ಆ ಹೊತ್ತು ಕ್ವಾಡಿನ ನಾಲ್ಕೂ ಫಿನ್ ಓಟಕ್ಕೆ ತಡೆ ಹೆಚ್ಚಿಸುವುದಲ್ಲದೆ ಬೇರೆ ಹೆಚ್ಚೇನೂ ಮಾಡುವುದಿಲ್ಲ. ತಿರುವಿಗೆ ಗೂಟದ ಹಾಗೆ ನಿಲ್ಲುವ ನಡುವಿನ ಫಿನ್ ಇಲ್ಲದೆ ಬಾಲ ಎತ್ತಲೋ ಸರಿಯುತ್ತದೆ. ಎರಡನೆಯ, ಮೂರನೆಯ ಹಂಗಾಮಿನಲ್ಲಿ, ಅಲೆಗೆ ಅಡ್ಡವಾಗಿ ಎರಡೂ ದಿಕ್ಕಿಗೆ ಜಾರಲು ಬಂದ ಮೇಲೆ, ಕ್ವಾಡ್ ಹಾಕಿ ನೋಡಿ ಎಂದೇ ಹೇಳುತ್ತೇನೆ. ಐದು ಫಿನ್‌ಪೆಟ್ಟಿಗೆ (ಫಿನ್ ಸಿಕ್ಕಿಸುವ ಗೂಡು) ಇರುವ ಬೋರ್ಡ್ ಕೊಂಡರೆ ಇವತ್ತಿನ ಟೂ ಪ್ಲಸ್ ಒನ್ ನಾಳೆ ಕ್ವಾಡ್ ಆಗಲು ಅಡ್ಡಿಯಿಲ್ಲ. ಹಣ ಹಾಕುವುದಿದ್ದರೆ ಅಲ್ಲಿ ಹಾಕಬೇಕು, ಇಂಗಾಲದ ನಾರಿನ ದುಬಾರಿ ಫಿನ್ನಿಗೆ ಅಲ್ಲ.

ಸವಾರನ ಕಸುಬೇ ಎಲ್ಲ, ಫಿನ್ನಿನ ವ್ಯತ್ಯಾಸ ಮನಸ್ಸಿನ ಭ್ರಮೆ ಎನ್ನುವವರೂ ಇದ್ದಾರೆ. ಪರಿಣತರು ಒಂದೇ ಅಳತೆಯ ಎರಡು ಥ್ರಸ್ಟರ್ ಸೆಟ್ಟುಗಳ ನಡುವೆ ಕಾಣುತ್ತೇವೆ ಎನ್ನುವ ಸೂಕ್ಷ್ಮಗಳ ಬಗ್ಗೆ ನನಗೂ ಅನುಮಾನ ಉಂಟು. ಹೊಸ ಸೆಟ್ಟಿಗೆ ಹಣ ಕೊಟ್ಟವರಿಗೆ ಅದು ಚೆನ್ನಾಗಿಯೇ ಕಾಣಬೇಕು. ಆದರೆ ನಾಲ್ಕೂವರೆ ಇಂಚಿನ ನಡುವಿನ ಫಿನ್ನಿಗೂ ಎಂಟು ಇಂಚಿನದಕ್ಕೂ ಇರುವ ವ್ಯತ್ಯಾಸ ಆ ಜಾತಿಯದಲ್ಲ. ಚುಕ್ಕಾಣಿ ಇರುವ ದೋಣಿಗೂ ಇಲ್ಲದ ದೋಣಿಗೂ ಇರುವಂಥದ್ದು. ಸಂಶಯವಿದ್ದವರು ಪರೀಕ್ಷಿಸಿ ನೋಡಬಹುದು, ಖರ್ಚೂ ಇಲ್ಲ. ಒಂದೇ ದಿನ, ಒಂದೇ ಬೋರ್ಡು, ಉಬ್ಬರದ ಒಂದೇ ಹೊತ್ತು. ಫಿನ್ ಬದಲಿಸುವ ಕೆಲಸ ಗೆಳೆಯನದು. ಯಾವುದನ್ನು ಹಾಕಿದ ಎಂದು ಅವನು ಹೇಳಬಾರದು. ನಿಶ್ಚಲ ನೀರಿನಲ್ಲಿ ಬಲಮಗ್ಗುಲೊಂದರಲ್ಲೇ ಹುಟ್ಟು ಹಾಕುತ್ತ ಬೋರ್ಡಿನ ಮೂತಿ ಪೂರ್ತಿ ಪಕ್ಕಕ್ಕೆ ತಿರುಗುವ ಮುನ್ನ ಎಷ್ಟು ಎಳೆತ ಬಂತು ಎಂದು ಎಣಿಸಬೇಕು, ಆಮೇಲೆ ಹತ್ತು ಅಲೆಗೆ ಪ್ರಯತ್ನಿಸಿ ಎಷ್ಟು ಸಿಕ್ಕಿತು ಎಂದು ಎಣಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಡುವಿನದನ್ನೂ ಪಕ್ಕದವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೇ ಗೊತ್ತು.

ನನ್ನ ವಾದವನ್ನು ನಿಜವಾಗಿ ತಿದ್ದಬೇಕಾದ ಆಕ್ಷೇಪ ಒಂದಿದೆ: ಆಳ. ಎಂಟು ಇಂಚಿನ ಫಿನ್ ಎಂದರೆ ನೀರಿನಡಿ 20 ಸೆಂಟಿಮೀಟರ್. ಇಳಿತದ ಹೊತ್ತಿಗೆ ಅಳಿವೆಯ ಮರಳು ದಿಬ್ಬದ ಮೇಲೆ ಮೊಣಕಾಲಿನಷ್ಟೂ ನೀರಿಲ್ಲದ ಜಾಗಗಳಿರುತ್ತವೆ. ಅಲೆಯ ವೇಗದಲ್ಲಿ ಬಂದು ಫಿನ್ ಮರಳಿಗೆ ತಾಗಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಮುಗ್ಗರಿಸಿ ಬೀಳುವ ನೀರು ಆಳವಿಲ್ಲದ್ದರಿಂದ ಕುತ್ತಿಗೆಗೇ ಪೆಟ್ಟಾದೀತು. ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ಬೇರು, ಕಟ್ಟಿದ ಬಲೆಯ ಹಗ್ಗ, ತೇಲುವ ಕಳೆ ಇವೆಲ್ಲ ನೇರ ನಿಂತ ಫಿನ್ನಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಮೀನುಗಾರರ ಬಲೆ ಹರಿದರೆ ಅದು ಅವರ ಒಂದು ದಿನದ ದುಡಿಮೆಗೆ ಹೊಡೆತ. ಆ ನೀರು ಮೊದಲು ಅವರದು ಎಂಬುದನ್ನು ಬೋರ್ಡ್ ಹಿಡಿದವರು ಮರೆಯಬಾರದು. ಆದರೆ ಉತ್ತರ ಫಿನ್ನನ್ನು ಕಿರಿದಾಗಿಸುವುದಲ್ಲ, ಅದರ ಆಕಾರ ಬದಲಿಸುವುದು. ಅಷ್ಟೇ ವಿಸ್ತಾರವನ್ನು ಆಳದಲ್ಲಿ ಕಡಿಮೆ, ಬುಡದಲ್ಲಿ ಉದ್ದವಾಗಿ ಹರಡಿ, ಹಿಂದಕ್ಕೆ ಚೆನ್ನಾಗಿ ಬಾಗಿಸಿದ ಫಿನ್ನುಗಳು ಸಿಗುತ್ತವೆ. ಕಳೆ, ಹಗ್ಗ ಅವುಗಳ ಮೇಲಿಂದ ಜಾರಿಹೋಗುತ್ತವೆ. ತಿರುವಿನ ಚುರುಕು ಒಂದಿಷ್ಟು ಹೋಗುತ್ತದೆ, ಹೋಗಲಿ. ಇಳಿತದಲ್ಲಿ ಇಳಿಯುವವರು ಅದನ್ನೇ ಹಾಕಬೇಕು, ಇಲ್ಲವೇ ನೀರು ಏರುವ ತನಕ ಕಾಯಬೇಕು.

ಜೊತೆಗಿರುವವರ ಸುರಕ್ಷತೆಯನ್ನೂ ಇಲ್ಲೇ ಹೇಳಬೇಕು. ಪಣಂಬೂರು, ಮಲ್ಪೆಯಂಥ ಕಡಲತೀರದಲ್ಲಿ ರಜೆಯ ದಿನ ಮಕ್ಕಳು ಸೊಂಟದ ನೀರಿನಲ್ಲಿ ಆಡುತ್ತಿರುತ್ತಾರೆ. ಎಂಟೊಂಬತ್ತು ಕಿಲೋ ತೂಕದ ಬೋರ್ಡು ಕೈತಪ್ಪಿ ನೊರೆಯ ಜೊತೆ ದಡಕ್ಕೆ ನುಗ್ಗಿದರೆ ಅದರ ಫಿನ್ ಕತ್ತಿಯಾಗುತ್ತದೆ. ಕಾಲಿಗೆ ಕಟ್ಟುವ ಲೀಶ್ ಇಲ್ಲದೆ ಅಲೆಗೆ ಇಳಿಯಲು ಯಾರನ್ನೂ ಬಿಡಬಾರದು. ಹೊಸ ಫಿನ್ನಿನ ಹಿಂದಿನ ಅಂಚನ್ನು ನಯವಾದ ಮರಳುಕಾಗದದಿಂದ ಉಜ್ಜಿ ಮೊಂಡಾಗಿಸಬೇಕು. ಕಲಿಯುವ ವೇಗದಲ್ಲಿ ಅದರಿಂದ ಆಗುವ ನಷ್ಟ ಯಾರಿಗೂ ತಿಳಿಯದು. ಬಾಡಿಗೆಯ ಬೋರ್ಡಿಗೆ ರಬ್ಬರಿನ ಅಂಚಿನ, ಬಳುಕುವ ಫಿನ್ ಕಡ್ಡಾಯವಾಗಬೇಕೆಂಬುದು ನನ್ನ ಅಭಿಪ್ರಾಯ.

ಬಾಡಿಗೆಯ ಮಾತು ಬಂದದ್ದರಿಂದ ಕಲಿಸುವವರಲ್ಲಿ ಒಂದು ಕೇಳಿಕೆ. 50 ಕಿಲೋದ ಹುಡುಗಿಗೂ 95 ಕಿಲೋದ ಗಂಡಸಿಗೂ ಒಂದೇ ಬೋರ್ಡನ್ನು ಒಂದೇ ಫಿನ್ನಿನ ಜೊತೆ ಕೊಡುವುದು ಬೇಡ. ಬೋರ್ಡ್ ಬದಲಿಸಲು ಲಕ್ಷದ ಮಾತಾಡಬೇಕಾದೀತು. ನಡುವಿನ ಫಿನ್ ಒಂದು ತಿರುಪು ಸಡಿಲಿಸಿದರೆ ಬದಲಾಗುತ್ತದೆ. ಬೇರೆ ಫಿನ್ ಇಲ್ಲದಿದ್ದರೂ ಪರವಾಗಿಲ್ಲ, ಉದ್ದ ಸೀಳಿನ ಫಿನ್‌ಪೆಟ್ಟಿಗೆಯಲ್ಲಿ ಇರುವ ಫಿನ್ನನ್ನೇ ಹಿಂದೆಮುಂದೆ ಸರಿಸಬಹುದು. ಬಾಲದ ಕಡೆ ಸರಿಸಿದರೆ ಬೋರ್ಡು ನೇರ ಹೋಗುತ್ತದೆ, ಮುಂದಕ್ಕೆ ಸರಿಸಿದರೆ ಸಲೀಸಾಗಿ ತಿರುಗುತ್ತದೆ. ಅರ್ಧ ಇಂಚು ಸರಿಸಿದರೂ ಕಾಲಿಗೆ ಗೊತ್ತಾಗುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ಪೆನ್ನಿನಿಂದ ಅರ್ಧ ಇಂಚಿಗೊಂದು ಗೆರೆ ಎಳೆದು, ಯಾವ ಗೆರೆಯಲ್ಲಿ ಯಾರು ಹೇಗೆ ನಿಂತರು ಎಂದು ಒಂದು ಹಂಗಾಮು ಬರೆದಿಟ್ಟರೆ, ಸಸಿಹಿತ್ಲಿನ ಅಲೆಗೆ ಯಾವ ಫಿನ್ ಸರಿ ಎಂದು ಹವಾಯಿಯನ್ನೋ ಆಸ್ಟ್ರೇಲಿಯಾವನ್ನೋ ಕೇಳಬೇಕಾಗುವುದಿಲ್ಲ.